ಖುಷಿಯ ಕೆಮಿಕಲ್ಲಿಗೆ ಶ್ವಾಸಕೋಶದಲ್ಲೇನು ಕೆಲಸ?

ಕೋಟನೂರದ ನಮ್ಮ ಓಣಿಯ ಅಕ್ಕ ಒಬ್ಬರಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ದಮ್ಮು ಬರ್ತಿತ್ತು. ಎಕೋ ರಿಪೋರ್ಟಿನಲ್ಲಿ ‘ಪಲ್ಮನರಿ ಹೈಪರ್‌ಟೆನ್ಷನ್’ ಅಂತ ಬಂತು. ಅಂದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ಜಾಸ್ತಿ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಯಲ್ಲಿ ಇದು ಕಾಣೋದಿಲ್ಲ. ಇದಕ್ಕೆ ಸೆರೊಟೋನಿನ್ ಕಾರಣ ಅಂತ ಅವರ ತಮ್ಮ ಮೊಬೈಲಿನಲ್ಲಿ ಓದಿದ್ದ. ಅಕ್ಕ ಡಿಪ್ರೆಶನ್ನಿಗೆ ತಗೊಳ್ತಿದ್ದ ಗುಳಿಗೆಯೂ ಸೆರೊಟೋನಿನ್ನಿಗೇ ಸಂಬಂಧಿಸಿದ್ದು. “ಗುಳಿಗಿ ಬಂದ್ ಮಾಡ್ಲೇನ್ರೀ?” ಅಂತ ಕೇಳಿದರು. “ಡಾಕ್ಟರಿಗೆ ಕೇಳದೆ ಬಿಡಬ್ಯಾಡ್ರಿ ಅಕ್ಕಾ” ಅಂದು ನಾನು ಓದಲು ಕೂತೆ.

ರೀಲ್ಸ್ ನೋಡಿದರೆ ಸೆರೊಟೋನಿನ್ ಬರೀ ಖುಷಿಯ ಕೆಮಿಕಲ್. ಆದರೆ ದೇಹದ ಸುಮಾರು 90 ಪರ್ಸೆಂಟ್ ಸೆರೊಟೋನಿನ್ ತಯಾರಾಗುವುದು ಕರುಳಿನಲ್ಲಿ. ರಕ್ತದಲ್ಲಿ ಅದನ್ನು ಪ್ಲೇಟ್‌ಲೆಟ್‌ಗಳು ಹೊತ್ತು ತಿರುಗುತ್ತವೆ. ಶ್ವಾಸಕೋಶದ ರಕ್ತನಾಳದ ಸ್ನಾಯುಕೋಶಗಳಿಗೆ ಅದನ್ನು ಒಳಗೆ ಎಳೆದುಕೊಳ್ಳುವ ಒಂದು ಬಾಗಿಲಿದೆ, ಹೆಸರು ‘ಸರ್ಟ್’. ಒಳಹೊಕ್ಕ ಸೆರೊಟೋನಿನ್ ಕೋಶಗಳನ್ನು ಬೆಳೆಸುತ್ತದೆ, ನಾಳದ ಗೋಡೆ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ.

ಇದನ್ನು ತೋರಿಸಿಕೊಟ್ಟದ್ದು ಇಲಿಗಳು. 2000ರಲ್ಲಿ ಫ್ರಾನ್ಸಿನ ತಂಡವೊಂದು ಈ ಬಾಗಿಲಿನ ಜೀನ್ ತೆಗೆದ ಇಲಿಗಳನ್ನು ಕಡಿಮೆ ಆಮ್ಲಜನಕದಲ್ಲಿ ಇಟ್ಟಿತು. ಬೇರೆ ಇಲಿಗಳಲ್ಲಿ ಏರಿದಷ್ಟು ಒತ್ತಡ ಇವುಗಳಲ್ಲಿ ಏರಲಿಲ್ಲ. 2006ರಲ್ಲಿ ಉಲ್ಟಾ ಪ್ರಯೋಗ: ನಾಳದ ಸ್ನಾಯುವಿನಲ್ಲಿ ಬಾಗಿಲು ಹೆಚ್ಚಿಸಿದ ಇಲಿಗಳಿಗೆ ಆಮ್ಲಜನಕ ಸರಿಯಿದ್ದರೂ ರೋಗ ಬಂತು.

ಮಜಾ ಏನಂದ್ರೆ, ಡಿಪ್ರೆಶನ್ನಿಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಳಿಗೆಗಳು ಇದೇ ಬಾಗಿಲನ್ನು ಮುಚ್ಚುತ್ತವೆ. ಅಕ್ಕನದೂ ಅದೇ ಜಾತಿಯದು. ಇಲಿಗಳ ಲೆಕ್ಕದಲ್ಲಿ ಅದು ಕಳ್ಳನಲ್ಲ, ಕಾವಲುಗಾರ! ಅವರ ತೊಂದರೆ ಹೃದಯದ ಎಡಭಾಗದ ವಾಲ್ವಿನದು ಅಂತ ಆಮೇಲೆ ಗೊತ್ತಾಯಿತು. ಈ ಕಾಯಿಲೆ ಇರುವ ಹೆಚ್ಚಿನವರಲ್ಲಿ ಮೂಲ ಇರೋದು ಎಡಹೃದಯದಲ್ಲಿ ಅಥವಾ ಶ್ವಾಸಕೋಶದಲ್ಲಿ. ನಿಜವಾಗಿ ಸಿಕ್ಕಿಬಿದ್ದದ್ದು ತೂಕ ಇಳಿಸುವ ಫೆನ್‌ಫ್ಲೂರಮಿನ್. ಅದು ಈ ಬಾಗಿಲಿನಿಂದಲೇ ಒಳನುಗ್ಗಿ ಸೆರೊಟೋನಿನ್ನನ್ನು ಹೊರದಬ್ಬುತ್ತದೆ. 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೂಕದ ಔಷಧಿಯಾಗಿ ಹೊರಬಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಬರುವ ‘ಸ್ಲಿಮ್ಮಿಂಗ್’ ಗುಳಿಗೆ ನೋಡಿದಾಗೆಲ್ಲ ನನಗೆ ಇದೇ ನೆನಪು.

ಹಾಗಂತ ಇಲಿಯ ಲೆಕ್ಕ ಮನುಷ್ಯರಿಗೆ ಸಲೀಸಾಗಿ ಹೊಂದಲ್ಲ. ಸರ್ಟ್ ಜೀನಿನ ಒಂದು ರೂಪ ರೋಗಿಗಳಲ್ಲಿ ಹೆಚ್ಚು ಅಂತ 2001ರಲ್ಲಿ ವರದಿಯಾಯಿತು. ಮುಂದಿನ ದೊಡ್ಡ ಅಧ್ಯಯನಗಳಲ್ಲಿ ಆ ನಂಟು ನಿಲ್ಲಲಿಲ್ಲ. ಸೆರೊಟೋನಿನ್ ತಯಾರಿಸುವ ಟಿಪಿಎಚ್‌1 ಜೀನ್ ಇಲ್ಲದ ಇಲಿಗಳು ಬಚಾವಾಗಿದ್ದವು. ಆದ್ದರಿಂದ ಆ ತಯಾರಿಯನ್ನೇ ತಡೆಯುವ ರೋಡಾಟ್ರಿಸ್ಟಾಟ್ ಎಂಬ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಸೆರೊಟೋನಿನ್ ಇಳಿಯಿತು, ಆದರೆ ರಕ್ತನಾಳಗಳ ಸ್ಥಿತಿ ಮತ್ತಷ್ಟು ಕೆಟ್ಟಿತು. 2023ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.