ನೋಡಲು ಬಂದವರು

‘ಎಲ್ಲ ಧರ್ಮಗಳೂ ಒಂದೇ ಬಿಡಿ’ ಎನ್ನುತ್ತ ಬರುವ ನೆಂಟರನ್ನು ಗುರುನಾನಕ್ ಝೀರಾ ಗುರುದ್ವಾರಕ್ಕೆ ಕರೆದೊಯ್ಯಲು ನನಗೆ ಉತ್ಸಾಹ ಕಡಿಮೆ. ಒಂದೇ ಎಂದು ಮನೆಯಲ್ಲೇ ತೀರ್ಮಾನಿಸಿ ಬಂದವರಿಗೆ ಅಲ್ಲಿ ನೋಡಲು ಏನು ಉಳಿದಿರುತ್ತದೆ? ಬೀದರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ಮಕ್ಕಳನ್ನು ಊರಿನ ಗುಡಿ, ಗುರುದ್ವಾರ, ಮಸೀದಿಗಳಿಗೆ ಕರೆದೊಯ್ಯುತ್ತಿದ್ದೆ. ಝೀರಾದಲ್ಲಿ ಅವರು ನೇರವಾಗಿಯೇ ಕೇಳುತ್ತಿದ್ದರು: “ಮೇಡಂ, ಪುಸ್ತಕಕ್ಕ ಯಾಕ ಗಾಳಿ ಬೀಸಾಕತ್ತಾರ್ರಿ?”

ಅಲ್ಲಿದ್ದ ಸೇವಾದಾರರನ್ನೇ ಕೇಳಿ ಎಂದೆ. ಗುರು ಗ್ರಂಥ ಸಾಹಿಬ್ ತಮಗೆ ಬರೀ ಪುಸ್ತಕವಲ್ಲ, ಜೀವಂತ ಗುರು, ಆದ್ದರಿಂದ ರಾಜಮರ್ಯಾದೆಯ ಚಾಮರ ಎಂದು ಅವರು ಖುಷಿಯಿಂದಲೇ ವಿವರಿಸಿದರು. ಹದಿನಾರನೇ ಶತಮಾನದ ಆರಂಭದಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಊರಲ್ಲಿ ಸಿಹಿನೀರಿಗೆ ಬರವಿತ್ತಂತೆ. ಅವರು ಕಲ್ಲು ಸರಿಸಿದ ಕಡೆ ಝರಿ ಚಿಮ್ಮಿತೆಂಬುದು ಭಕ್ತರ ನಂಬಿಕೆ. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದುನಿಂತ ಐವರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕ ಮನೆತನದವರು. ನಮ್ಮ ಊರಿನ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ!

ಗುರುದ್ವಾರದ ಸಾಮೂಹಿಕ ಊಟವಾದ ಲಂಗರಿನ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳು “ಇದು ದಾಸೋಹ ಇದ್ದಂಗ ಅದ” ಎಂದಳು. ಬಸವಕಲ್ಯಾಣ ಇದೇ ಜಿಲ್ಲೆಯಲ್ಲಿರುವಾಗ ಹಾಗೆ ಹೊಳೆದದ್ದು ಸಹಜವೇ. ‘ಸರಿ, ಇನ್ನು ಬೇರೆ ಏನಿದೆ ಹೇಳು’ ಎಂದೆ. ತಲೆಗೆ ಕಟ್ಟಿದ ಬಟ್ಟೆ, ಎರಡೂ ಕೈ ಚಾಚಿ ರೊಟ್ಟಿ ಪಡೆಯುವ ಕ್ರಮ, ಎಲ್ಲವನ್ನೂ ಪಟ್ಟಿ ಮಾಡಿದಳು.

ಬೀದರಿನ ಪಕ್ಕದ ಅಷ್ಟೂರಿನ ಕಥೆ ಇನ್ನೂ ಸೋಜಿಗದ್ದು. ಬೀದರಿಗೆ ರಾಜಧಾನಿ ತಂದ ಬಹಮನಿ ಸುಲ್ತಾನ ಅಹ್ಮದ್ ಷಾ 1436ರಲ್ಲಿ ತೀರಿಕೊಂಡ. ಮುಸ್ಲಿಮರಿಗೆ ಅವನು ವಲಿ, ಸಂತ. ಅನೇಕ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ಅವತಾರ. ಅಷ್ಟೂರಿನಲ್ಲಿರುವ ಅವನ ಗೋರಿಯ ಉರುಸು ನಡೆಯುವುದು ಹೋಳಿಯ ಆಸುಪಾಸಿನಲ್ಲಿ, ಹಿಂದೂ ಪಂಚಾಂಗದ ಲೆಕ್ಕದಂತೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಶಿಷ್ಯರೊಡನೆ ಬಂದು ಶಂಖ ಊದಿ ಕಾಯಿ ಒಡೆಯುತ್ತಾರೆ. ಗೋಡೆಯ ಮೇಲೆ ಸೂಫಿ ಬರಹ, ಕೆಳಗೆ ತೆಂಗಿನಕಾಯಿ ನೀರು. ಯಾರೂ ಯಾರಿಗೂ ‘ನೀನು ನಂಬುವುದು ತಪ್ಪು’ ಎನ್ನುವುದಿಲ್ಲ. ಇಬ್ಬರ ಕಥೆಯೂ ಹಾಗೇ ಉಳಿದಿದೆ.

ಇಂಥ ಜಾತ್ರೆಗೆ ಹೋಗುವುದು ಸುಲಭ. ಮಾಮೂಲಿ ದಿನ ಹೋಗುವುದೇ ಕಷ್ಟ, ಅದಕ್ಕೆ ಮೊದಲೇ ಕೇಳಿಕೊಳ್ಳಬೇಕು. ಮಸೀದಿ ನೋಡುವುದಿದ್ದರೆ ಶುಕ್ರವಾರ ಮಧ್ಯಾಹ್ನ ಬೇಡ, ಅದು ಜುಮ್ಮಾ ನಮಾಜಿನ ಹೊತ್ತು. ಕೆಲವು ದರ್ಗಾಗಳಲ್ಲಿ ಹೆಂಗಸರನ್ನು ಗೋರಿಯ ಹತ್ತಿರ ಬಿಡುವುದಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ನೋಡಲು ಬಂದವಳು ಹೊಸ್ತಿಲಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ. ಪರಿಚಯವಾದ ಮೇಲೆ ಚಹಾ ಕುಡಿಯುತ್ತ ಕೇಳಿದ್ದೇನೆ, ಉತ್ತರವನ್ನೂ ಪಡೆದಿದ್ದೇನೆ. ಪ್ರಸಾದ ಬೇಡವಾದರೆ ಕೈ ಮುಗಿದರಾಯಿತು. ಕೊಡುವವರೂ ಬಲವಂತ ಮಾಡಬಾರದು. ಇನ್ನು ಪ್ರಾರ್ಥನೆಯಲ್ಲಿರುವವರನ್ನು ಹಿಂದಿಟ್ಟುಕೊಂಡು ಸೆಲ್ಫಿ ತೆಗೆಯುವವರ ಬಗ್ಗೆ ನಾನು ಮಾತಾಡದಿರುವುದೇ ಒಳ್ಳೆಯದು.

ಒಳಗೆ ಬರಲು ಒಪ್ಪದಿರುವುದಕ್ಕೂ ಮರ್ಯಾದೆ ಸಿಗಬೇಕು. ಮಕ್ಕಳೊಡನೆ ನರಸಿಂಹ ಝರಣಿಯ ಗುಡಿಗೆ ಹೋದಾಗ, ಸುರಂಗದಂಥ ಗುಹೆಯಲ್ಲಿ ಎದೆಮಟ್ಟದ ನೀರು ದಾಟಿ ದೇವರನ್ನು ಕಾಣಬೇಕಿತ್ತು. ಒಬ್ಬ ಹುಡುಗ ಮೆಲ್ಲಗೆ, “ಅಬ್ಬಾ ಬ್ಯಾಡ ಅಂದಾರ್ರಿ ಮೇಡಂ” ಎಂದ. ಜೊತೆಗಿದ್ದ ಮಾಸ್ತರರು ಬುದ್ಧಿ ಹೇಳಲು ಹೊರಟರು, ನಾನು ತಡೆದೆ. ಅವನು ಎಲ್ಲರ ಚಪ್ಪಲಿ, ಚೀಲ ಕಾಯುತ್ತ ಕುಳಿತ. ತೊಯ್ದು ತೊಪ್ಪೆಯಾಗಿ ಬಂದ ಗೆಳೆಯರನ್ನು ಅವನು ಸುಮ್ಮನೆ ಬಿಡಲಿಲ್ಲ: ನೀರು ಎಲ್ಲೀತನಕ ಇತ್ತು, ಬಾವಲಿ ಅದಾವೇನು, ಹೆದರಿದವರು ಯಾರು? ಬಸ್ಸು ಶಾಲೆ ಮುಟ್ಟುವವರೆಗೂ ಅವರು ಉತ್ತರ ಹೇಳುತ್ತಲೇ ಇದ್ದರು.