ಅಲ್ಯೂಮಿನಿಯಂ ತಗಡಿನ ಹದ

ಒಂದೇ ಅಳತೆಯ ತಗಡುಗಳನ್ನು ತೂಗಿದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೇ ಒಂದು ಭಾಗ ಬರುತ್ತದೆ. ಕಾರು ಹಗುರವಾದಷ್ಟೂ ಇಂಧನ ಉಳಿತಾಯ. ಆದರೂ ಹೆಚ್ಚಿನ ಕಾರುಗಳ ಮೈ ಇನ್ನೂ ಉಕ್ಕಿನದೇ. ಬೆಲೆ ಒಂದು ಕಾರಣ. ಇನ್ನೊಂದು, ಈ ಲೋಹ ಪ್ರೆಸ್ಸಿನಡಿ ಮಾಡುವ ಹಟ. ತಣ್ಣಗಿದ್ದಾಗ ಉಕ್ಕಿನಷ್ಟು ಹಿಗ್ಗದೆ ಆಳದ ಮೂಲೆಗಳಲ್ಲಿ ಸೀಳುತ್ತದೆ. ಸೀಳದೆ ಉಳಿದರೂ ಡೈ, ಅಂದರೆ ಒತ್ತುವ ಅಚ್ಚು, ಮೇಲೆದ್ದ ಕೂಡಲೇ ಒಂದಿಷ್ಟು ಹಿಂದಕ್ಕೆ ಬಿಚ್ಚಿಕೊಂಡು ಅಳತೆ ತಪ್ಪಿಸುತ್ತದೆ.

ಬಿಸಿ ಮಾಡಿದರೆ ಎರಡೂ ಕಾಟ ತಗ್ಗುತ್ತವೆ. ಮೆಗ್ನೀಸಿಯಂ ಬೆರೆತ 5083 ಎಂಬ ಮಿಶ್ರಲೋಹದ ತಗಡನ್ನು 450–500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಿಸಿ ಡೈಯೊಳಗೆ ಗಾಳಿಯ ಒತ್ತಡದಿಂದ ಊದಿ ಕೂರಿಸುವುದು ಹಳೆಯ ದಾರಿ. ಆಕಾರ ಸೊಗಸಾಗಿ ಬರುತ್ತದೆ, ಆದರೆ ನಿಧಾನ. ಜನರಲ್ ಮೋಟಾರ್ಸ್ ಇದನ್ನೇ ಚುರುಕುಗೊಳಿಸಿ 2004ರ ಮಾಲಿಬು ಮ್ಯಾಕ್ಸ್ ಕಾರಿನ ಹಿಂಬಾಗಿಲು ಮಾಡಿತು.

ನನಗೆ ಹೆಚ್ಚು ಜಾಣತನದ್ದು ಅನಿಸುವುದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರೂಪುಗೊಂಡ ಇನ್ನೊಂದು ದಾರಿ. 6082 ಎಂಬ ಮಿಶ್ರಲೋಹದ ತಗಡನ್ನು ಕುಲುಮೆಯಲ್ಲಿ 540 ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತಾರೆ. ಆಗ ಅದರೊಳಗಿನ ಮೆಗ್ನೀಸಿಯಂ, ಸಿಲಿಕಾನ್ ಅಲ್ಯೂಮಿನಿಯಂನಲ್ಲಿ ಕರಗಿ ಒಂದಾಗುತ್ತವೆ. ಕೆಲವೇ ಸೆಕೆಂಡಿನಲ್ಲಿ ತಗಡು ತಣ್ಣನೆಯ ಡೈ ಸೇರಬೇಕು. ಒತ್ತಿ ಆಕಾರ ಕೊಡುವುದೂ ಡೈಯೇ, ಅದುಮಿ ಹಿಡಿದು ಥಟ್ಟನೆ ತಣಿಸುವುದೂ ಡೈಯೇ. ತಡವಾದರೆ ಕರಗಿದ್ದೆಲ್ಲ ದಪ್ಪ ಹರಳಾಗಿ ಒಡೆದು ಹೊರಬರುತ್ತದೆ, ಆಮೇಲೆ ಗಡಸುತನ ಬರುವುದಿಲ್ಲ. ಸರಿಯಾಗಿ ತಣಿದ ಭಾಗ ಮೊದಲಿಗೆ ಮೆದುವಾಗಿಯೇ ಇರುತ್ತದೆ. ಅದನ್ನು ಸುಮಾರು 180 ಡಿಗ್ರಿಯ ಒಲೆಯಲ್ಲಿ ಗಂಟೆಗಟ್ಟಲೆ ಇಟ್ಟಾಗ ಬಲು ಸಣ್ಣ ಕಣಗಳು ಮೂಡಿ ಲೋಹ ಗಟ್ಟಿಯಾಗುತ್ತದೆ.

ವಿಮಾನದ ಬಿಡಿಭಾಗ ಮಾಡುವವರಿಗೆ ಇದರ ಅರ್ಧ ಪರಿಚಿತವೇ. ನಮ್ಮ ದೇವನಹಳ್ಳಿಯ ಏರೋಸ್ಪೇಸ್ ಪಾರ್ಕ್ ಇರುವುದು ಆ ಉದ್ಯಮಕ್ಕಾಗಿಯೇ. ಆ ಉದ್ಯಮದ ರೂಢಿ ತಗಡನ್ನು ಕಾಯಿಸಿ ನೀರಿನಲ್ಲಿ ಅದ್ದುವುದು, ಗಡಸಾಗದಂತೆ ಫ್ರೀಜರ್‌ನಲ್ಲಿಡುವುದು, ಮೆದುವಿರುವಾಗಲೇ ಆಕಾರ ಕೊಡುವುದು. ತೆಳು ತಗಡು ನೀರಿಗೆ ಬಿದ್ದರೆ ಸೊಟ್ಟಗಾಗುವ ಭಯವಿದೆ. ಡೈಯೊಳಗೇ ತಣಿಸಿದರೆ ಆ ಭಯ ಬಹುಮಟ್ಟಿಗೆ ಇಲ್ಲ.

ಕಬ್ಬಿಣದ ಬಿಸಿಯನ್ನು ಕಮ್ಮಾರ ಬಣ್ಣ ನೋಡಿಯೇ ಹೇಳುತ್ತಾನೆ. ಅಲ್ಯೂಮಿನಿಯಂ ಕೆಂಪಾಗದೆಯೇ 660 ಡಿಗ್ರಿಯಲ್ಲಿ ಕರಗಿ ಕೂರುತ್ತದೆ, ಮಿಶ್ರಲೋಹಗಳು ಅದಕ್ಕೂ ಮುಂಚೆ. ಹಾಗಾಗಿ ಕಾರ್ಖಾನೆಯಲ್ಲಿ ಬಿಸಿ ಅಳೆಯುವ ಥರ್ಮೋಕಪಲ್ ಬೇಕೇ ಬೇಕು. ಗ್ಯಾರೇಜಿನಲ್ಲಾದರೆ ಕೆಲವು ಟಿಂಕರಿಂಗ್ ಕೆಲಸದವರು ತಗಡಿಗೆ ಸೋಪು ಸವರಿ, ಅದು ಕಂದಾಗುವವರೆಗೆ ಕಾಯಿಸುತ್ತಾರೆ. ಮೆದು ತಗಡಿಗೆ ಅದು ನಡೆಯುತ್ತದೆ. ಒಲೆಯಲ್ಲಿಟ್ಟು ಗಡಸು ಮಾಡಿದ ಭಾಗಕ್ಕೆ ಹಾಗೆ ಗ್ಯಾಸ್ ಬೆಂಕಿ ಹಿಡಿದರೆ ಬಂದ ಬಲವೆಲ್ಲ ಹೋಗುತ್ತದೆ. ಮೇಲೆ ಪೇಂಟ್ ಬಳಿದರೆ ಯಾರಿಗೂ ಕಾಣುವುದಿಲ್ಲ.

ನೆಲಮಂಗಲವೋ ಹೊಸಕೋಟೆಯೋ, ಕಾರನ್ನು ಡೆಂಟಿಂಗ್‌ಗೆ ಬಿಡುವ ಮುನ್ನ ಬಾನೆಟ್‌ಗೆ ಒಂದು ಅಯಸ್ಕಾಂತ ಹಚ್ಚಿ ನೋಡಿ. ಅಂಟದಿದ್ದರೆ, ತಯಾರಕರ ರಿಪೇರಿ ಕೈಪಿಡಿ ನೋಡದೆ ಬೆಂಕಿ ಹಿಡಿಯಬೇಡಿ ಎಂದು ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ.