ಬೇಲಿಯ ಮೇಲಿನ ಓತಿಕ್ಯಾತ

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮಕ್ಕಳು ಮನೆಯಲ್ಲಿ ‘ಓತಿಕ್ಯಾತ’ ಎನ್ನುವರು, ಶಾಲೆಯಲ್ಲಿ ‘ಸರಡಾ’ ಎಂದು ಬರೆಯುವರು. ಸರಡಾದ ಓಟ ಬೇಲಿಯ ತನಕ ಎಂಬುದು ಮರಾಠಿ ಗಾದೆ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬುದು ನಮ್ಮದು. ಎರಡನ್ನೂ ಕಟ್ಟಿದವರು ಕಣ್ಣಿಟ್ಟು ನೋಡಿದವರೇ ಸರಿ. ಗಂಡು ಓತಿಕ್ಯಾತವು ಬೇಲಿಯ ಒಂದು ತುಂಡನ್ನು ತನ್ನದೆಂದು ಹಿಡಿದು, ಮತ್ತೊಂದು ಗಂಡು ಬಂದರೆ ತಲೆ ಕುಣಿಸಿ ಹೆದರಿಸುವದು.

ಬೇಸಿಗೆ ಮುಗಿದು ಮಳೆ ಹಿಡಿಯುವ ದಿನಗಳಲ್ಲಿ ಅದರ ತಲೆ, ಗಂಟಲು ಕೆಂಪೇರುವವು. ದೂರದಿಂದಲೇ ಮನುಷ್ಯರ ರಕ್ತ ಹೀರುತ್ತದೆಂದು ಹುಡುಗರು ಕಲ್ಲು ಬೀರುವದು ಇದೇ ಸಬಬಿನಿಂದ. ಅದು ಹೆಣ್ಣನ್ನು ಕರೆಯುವ ಬಣ್ಣ, ಅಷ್ಟೆ. ಕಾಳಗದಲ್ಲಿ ಸೋತ ಗಂಡಿನ ಕೆಂಪು ನೋಡನೋಡುತ್ತ ಇಳಿದುಹೋಗುವದು. ರಕ್ತ ಕುಡಿದದ್ದಾಗಿದ್ದರೆ ಸೋತ ಮಾತ್ರಕ್ಕೆ ಹೇಗೆ ಇಳಿದೀತು?

ಊಸರವಳ್ಳಿ ಬೇರೆ ಪ್ರಾಣಿ; ಗೋಸುಂಬೆ ಎಂಬುದೂ ಇದೇ. ಚಪ್ಪಟೆ ಮೈ, ಸುರುಳಿ ಸುತ್ತುವ ಬಾಲ, ಟೊಂಗೆ ಹಿಡಿಯಲು ಇಕ್ಕಳದಂಥ ಪಾದ. ಒಂದು ಕಣ್ಣು ಮುಂದೆ ನೋಡುತ್ತಿದ್ದರೆ ಇನ್ನೊಂದು ಹಿಂದೆ ನೋಡೀತು. ಮೈಗಿಂತ ಉದ್ದವಾದ ಅಂಟುನಾಲಿಗೆಯನ್ನು ಚಿಮ್ಮಿಸಿ ಮಿಡತೆಯನ್ನು ಎಳೆದುಕೊಳ್ಳುವದು. ಕೂತ ಎಲೆಯ ಬಣ್ಣಕ್ಕೆ ತಿರುಗುತ್ತದೆಂಬ ಮಾತು ಅಷ್ಟು ನಿಜವಲ್ಲ. ಬಿಸಿಲು, ಚಳಿ, ಹೆದರಿಕೆ, ಸಿಟ್ಟು, ಇವೇ ಮುಖ್ಯ ಕಾರಣ. ಮುಂಜಾನೆ ಚಳಿಗೆ ಕಪ್ಪಾಗಿ ಬಿಸಿಲು ಹೀರಿಕೊಳ್ಳುವದು. ಒಳಗಿನ ಗುಟ್ಟನ್ನು ಜಿನೀವಾದ ವಿಜ್ಞಾನಿಗಳು ಮಡಗಾಸ್ಕರದ ಒಂದು ಜಾತಿಯಲ್ಲಿ ಕಂಡು 2015ರಲ್ಲಿ ಪ್ರಕಟಿಸಿದರು. ತೊಗಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ಸಾಲುಗಳಿವೆ. ಅವು ಒತ್ತಾಗಿದ್ದಾಗ ನೀಲಿ ಬೆಳಕು ಮರಳುವದು. ಮೇಲಿನ ಹಳದಿಯ ಕೂಡ ಬೆರೆತು ಹಸಿರಾಗಿ ತೋರುವದು. ಹರಳುಗಳು ದೂರ ಸರಿದರೆ ಹಳದಿ, ಕೆಂಪು.

ಎರಡಕ್ಕೂ ವಿಷವಿಲ್ಲ. ಊಸರವಳ್ಳಿಯಂತೂ ನಡೆಯುವಾಗ ತೂಗಾಡುವ ಬಡಪ್ರಾಣಿ, ದಾರಿ ದಾಟುವಾಗ ಗಾಡಿಯ ಕೆಳಗೆ ಸಿಗುವದು. ಅದನ್ನು ಹಿಡಿಯುವದು, ಕೊಲ್ಲುವದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಇನ್ನು ಒಕ್ಕಲಿಗನ ಲೆಕ್ಕ. ಇವು ಮಿಡತೆ, ಕೀಡೆ, ಇರುವೆ, ದುಂಬಿಗಳನ್ನು ತಿನ್ನುವವು. ಜೇನುನೊಣವನ್ನೂ ಬಿಡವು ಎಂಬುದನ್ನು ಮುಚ್ಚಿಡಬಾರದು. ತೊಗರಿಗೆ ಕಾಯಿಕೊರಕ ಬಿದ್ದ ಮೇಲೆ ಓತಿಕ್ಯಾತವೊಂದೇ ಬೆಳೆ ಉಳಿಸುವದೆಂದು ನಾನು ಹೇಳಲಾರೆ. ಆದರೆ ಕೂಲಿ ಕೇಳದೆ ದಿನವಿಡೀ ಹುಳು ಹೆಕ್ಕುವ ಆಳನ್ನು ಹೊಡೆದು ಓಡಿಸುವದು ಯಾವ ಜಾಣತನ? ಮಾಕಣಿಯ ಸುತ್ತ ತೇರಣೆಯ ನೀರು ಬಂದಲ್ಲಿ ಕಬ್ಬು ಬದುವಿನ ತನಕ ಒತ್ತಿದೆ, ಜಾಲಿ-ಬಾರಿ ಬೇಲಿ ಹೋಗಿ ತಂತಿ ನಿಂತಿದೆ. ತಂತಿಯ ಮೇಲೆ ಅದು ಕೂತೀತು, ಆದರೆ ಅಡಗಲು ಜಾಗವಿಲ್ಲ. ಔಷಧ ಹೊಡೆಯುವವರು ಬೆಳೆಗೆ ಹೊಡೆಯಲಿ, ಬೇಲಿಗೆ ಬೇಡ. ಬದುವಿನ ಕಸಕ್ಕೆ ಬೆಂಕಿಯೂ ಬೇಡ.

ಮಳೆಯಾದ ಮೇಲೆ ಹೆಣ್ಣು ಓತಿಕ್ಯಾತ ಕೆಳಗಿಳಿದು ಹಸಿಮಣ್ಣು ಕೆದರುತ್ತಿದ್ದರೆ ಮೊಟ್ಟೆ ಇಡುತ್ತಿದೆ ಎಂದು ತಿಳಿಯಿರಿ. ಹತ್ತು-ಇಪ್ಪತ್ತು ಮೊಟ್ಟೆ ಹೂತು, ಮಣ್ಣು ಮುಚ್ಚಿ ಹೋಗುವದು. ಮರಿಯಾಗಲು ಆರೇಳು ವಾರ ಬೇಕು. ಅಷ್ಟು ದಿನ ಆ ಮಗ್ಗುಲಲ್ಲಿ ಒಂದು ಮೊಳ ಬಿಟ್ಟು ಕುಂಟೆ ಹೊಡೆದರೆ ನಡೆದೀತು.